ಓಟೂ ಊರಿಗೆ ಬಂತು, ಗಾಡಿಯೂ ಬಂತು: ಪುಣೆಯಿಂದ ಹುಬ್ಬಳ್ಳಿಗೆ ಒಂದು ವರ್ಷದ ಓಡಾಟ

ಮೊನ್ನೆ ಗುರುವಾರ ಕಾರಿಗೆ ಹೊಸ ನಂಬರ್ ಪ್ಲೇಟ್ ಹಾಕಿಸಿಕೊಂಡು ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಪ್ಲೇಟ್ ನೋಡಿ, "ಅಂತೂ ನಮ್ಮ ಗಾಡಿ ಆತು ನೋಡು" ಅಂದಳು. ಆರು ವರ್ಷದಿಂದ ನಮ್ಮದೇ ಗಾಡಿ ಅದು. ಆದರೆ ಅವಳ ಮಾತು ಸುಳ್ಳಲ್ಲ.

2023ರ ಜೂನ್ 8ಕ್ಕೆ ಪುಣೆಯ ಮನೆ ಖಾಲಿ ಮಾಡಿ ಹುಬ್ಬಳ್ಳಿಗೆ ಬಂದೆವು. ಹದಿನಾಲ್ಕು ವರ್ಷ ಅಲ್ಲಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಆಗಿದ್ದಳು. ಆಫೀಸಿನವರು ಮನೆಯಿಂದ ಕೆಲಸ ಮಾಡಿ ಅಂದಿದ್ದರಿಂದ ಯೋಚನೆ ಮಾಡುವುದೇನೂ ಇರಲಿಲ್ಲ. ಸಾಮಾನು ಎರಡು ದಿನದಲ್ಲಿ ಬಂತು. ನನ್ನ ಓಟು ಮತ್ತು ಕಾರಿನ ಕಾಗದ ಬರೋದಕ್ಕೆ ಸರಿಯಾಗಿ ಒಂದು ವರ್ಷ ಹಿಡಿಯಿತು. ಅದರಲ್ಲಿ ಅರ್ಧ ನನ್ನ ಸೋಮಾರಿತನ. ಉಳಿದರ್ಧ ಯಾವುದನ್ನು ಮೊದಲು ಮಾಡಬೇಕು ಅಂತ ಗೊತ್ತಿಲ್ಲದ್ದು. ಆ ಎರಡನೇ ಅರ್ಧ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಚ್ಚರಿಸಿದ್ದು ಒಬ್ಬ ಟ್ರಾಫಿಕ್ ಪೊಲೀಸ್. ಅಕ್ಟೋಬರ್‌ನಲ್ಲಿ ಗಾಡಿ ತಡೆದು, "ಎಂಎಚ್ ಗಾಡಿ... ಪ್ರವಾಸಕ್ಕ ಬಂದೀರೇನು?" ಅಂದ.

"ಇಲ್ರೀ, ನಾ ಇಲ್ಲೇ ಊರಾಂವ."

"ನೀವು ಊರಾಂವ ಅಂತೀರಿ, ಗಾಡಿ ಬ್ಯಾರೇನ ಹೇಳಾಕತ್ತೈತಲ್ರೀ?"

ದಂಡ ಹಾಕಲಿಲ್ಲ. ಊರಿಗೆ ಬಂದ ತಾರೀಖಿಗೆ ಪುರಾವೆ ಇದೆಯಾ ಅಂತ ಕೇಳಿದ. ಮೊಬೈಲಿನಲ್ಲಿದ್ದ ಟೋಲ್ ಮೆಸೇಜು ತೋರಿಸಿದೆ. "ವರ್ಷದೊಳಗ ಮಾಡಿಸ್ಕೋರ್ರಿ" ಅಂತ ಬಿಟ್ಟ. ಮನೆಗೆ ಬಂದು ನೋಡಿದರೆ ಕಾನೂನಿನಲ್ಲಿ ಇರುವುದೂ ಅದೇ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ, ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿನ ನಂಬರ್ ತೆಗೆದುಕೊಳ್ಳಲೇಬೇಕು. ಹಾಗಾಗಿ ಊರು ಬದಲಾಯಿಸಿದ ದಿನದ ಟೋಲ್ ಮೆಸೇಜು, ಸಾಮಾನು ಸಾಗಿಸಿದವರ ಬಿಲ್ಲು ಇವನ್ನು ಅಳಿಸಬೇಡಿ. ನಿಮ್ಮ ಹನ್ನೆರಡು ತಿಂಗಳು ಯಾವತ್ತು ಶುರುವಾಯಿತು ಅಂತ ಹೇಳುವ ಸಾಕ್ಷಿ ಅವೇ.

ಇಷ್ಟು ಗೊತ್ತಾದ ಮೇಲೂ ಮೂರು ತಿಂಗಳು ಸುಮ್ನೆ ಕೂತೆ. ಜನವರಿಯಲ್ಲಿ ಎಲ್ಲರೂ ಲೋಕಸಭಾ ಚುನಾವಣೆ ಮಾತಾಡುವುದಕ್ಕೆ ಶುರು ಮಾಡಿದಾಗ ಓಟಿನ ನೆನಪಾಯಿತು. ನನ್ನ ಓಟೂ ಹೆಂಡತಿಯ ಓಟೂ ಪುಣೆಯಲ್ಲೇ ಇದ್ದವು.

ಅವ್ವನ ಲೆಕ್ಕದಲ್ಲಿ ಸರಕಾರದ ಕೆಲಸ ಎಲ್ಲಾ 'ಮುನ್ಸಿಪಾಲ್ಟಿ'ಯಲ್ಲೇ ಆಗುವುದು. ಅವಳ ಮಾತು ಕೇಳಿ ನಾನೂ ಮೊದಲು ಪಾಲಿಕೆಯ ವಲಯ ಕಚೇರಿಗೆ ಹೋದೆ. ಹೋಗಿ ಕಲಿತದ್ದು ಇಷ್ಟು. ಗಾಡಿಗೂ ಪಾಲಿಕೆಗೂ ಸಂಬಂಧ ಇಲ್ಲ, ಅದು ಸಾರಿಗೆ ಇಲಾಖೆಯ ಕೆಲಸ. ಓಟಿಗೆ ಅರ್ಧ ಸಂಬಂಧ ಇದೆ. ಪಾಲಿಕೆ ಚುನಾವಣೆಯ ವಾರ್ಡ್ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗ ಬೇರೆಯಾಗಿ ಮಾಡಿಸುತ್ತದೆ, ಆದರೆ ಅದು ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ. ಅದರಲ್ಲಿ ಹೆಸರಿದ್ದರೆ ಇದರಲ್ಲೂ ಬರುತ್ತದೆ. ಹಾಗಾಗಿ 'ವಾರ್ಡಿಗೆ ಬೇರೆ ಅರ್ಜಿ' ಹುಡುಕಿಕೊಂಡು ತಿರುಗಬೇಡಿ.

ವಾರ್ಡ್ ನಂಬರಿನ ಗೊಂದಲ ಬೇರೆ. ಅವ್ವ ಹೇಳುತ್ತಿದ್ದದ್ದು ಹಳೆಯ ನಂಬರು. ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ ಮೊದಲು 67 ವಾರ್ಡ್ ಇದ್ದವು. 2021ರ ಸೆಪ್ಟೆಂಬರ್ ಚುನಾವಣೆ ಹೊತ್ತಿಗೆ 82 ಆದವು. ನಮ್ಮ ಓಣಿ ಇದ್ದಲ್ಲೇ ಇದೆ, ನಂಬರು ಮಾತ್ರ ಬದಲಾಗಿದೆ. ಓಟಿನ ಅರ್ಜಿಗೆ ಬೇಕಾದದ್ದು ವಾರ್ಡ್ ನಂಬರ್ ಅಲ್ಲ, ವಿಧಾನಸಭಾ ಕ್ಷೇತ್ರ. ಆಮೇಲೆ ಭಾಗ ಸಂಖ್ಯೆ, ಅಂದರೆ ನಿಮ್ಮ ಬೂತಿನ ಪಟ್ಟಿಯ ನಂಬರು. ಪಕ್ಕದ ಮನೆಯವರ ಹಳೆಯ ಓಟಿನ ಚೀಟಿ ಇಸಿದುಕೊಂಡು ನೋಡಿದರೆ ಎರಡೂ ಸಿಗುತ್ತವೆ.

ಎಲ್ಲದಕ್ಕೂ ಮೊದಲು ವಿಳಾಸ ಬೇಕಿತ್ತು. ಆಧಾರ್‌ನಲ್ಲಿ ಪುಣೆ ವಿಳಾಸ. ಹುಬ್ಬಳ್ಳಿ ಮನೆಯ ಹೆಸ್ಕಾಂ ಕರೆಂಟ್ ಬಿಲ್ಲು ಇವತ್ತಿಗೂ ಅಪ್ಪನ ಹೆಸರಿನಲ್ಲಿ ಬರುತ್ತದೆ. ಬದಲಾಯಿಸಲು ಯಾರಿಗೂ ಮನಸ್ಸಾಗಿಲ್ಲ. ನನ್ನ ಹೆಸರಿನಲ್ಲಿ ಈ ಮನೆಯ ಒಂದು ಚೀಟಿಯೂ ಇಲ್ಲ. ಆಗ ಗೊತ್ತಾದದ್ದು, ಆಧಾರ್‌ನಲ್ಲಿ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ವಿಳಾಸ ಬದಲಾಯಿಸುವ ದಾರಿ 2023ರಿಂದ ಇದೆ ಅಂತ. ಇಬ್ಬರ ಸಂಬಂಧ ತೋರಿಸುವ ಒಂದು ದಾಖಲೆ, ಆಗ 50 ರೂಪಾಯಿ ಇದ್ದ ಶುಲ್ಕ, ಮೂವತ್ತು ದಿನದೊಳಗೆ ಮುಖ್ಯಸ್ಥರು ಒಪ್ಪಬೇಕು. ನನ್ನ ಪಾಸ್‌ಪೋರ್ಟಿನಲ್ಲಿ ಅವ್ವನ ಹೆಸರಿದೆ, ಅದನ್ನೇ ಹಾಕಿದೆ. ಒಪ್ಪಿಗೆಗೆ ಅವ್ವನ ಮೊಬೈಲಿಗೆ ಓಟಿಪಿ ಬಂತು. ಅವಳದು ಬಟನ್ ಫೋನು. ಕನ್ನಡಕ ಹುಡುಕಿ, ಒಂದೊಂದೇ ಅಂಕಿ ಓದಿ ಹೇಳುತ್ತಾ ಮಧ್ಯದಲ್ಲಿ ನಿಲ್ಲಿಸಿ ಕೇಳಿದಳು.

"ನೀ ನನ್ನ ಮಗ ಅಂತ ಸರಕಾರಕ್ಕ ನಾ ಒಪ್ಪಿಗಿ ಕೊಡಬೇಕೇನು?"

"ಹೂಂ ಅವ್ವಾ."

"ಮತ್ತ ಒಲ್ಲೆ ಅಂದ್ರ?"

ಅಷ್ಟರಲ್ಲಿ ಓಟಿಪಿಯ ಹೊತ್ತು ಮುಗಿದಿತ್ತು. ಇನ್ನೊಮ್ಮೆ ತರಿಸಿದೆವು.

ಆಧಾರ್ ಬದಲಾದ ಮೇಲೆ ಓಟಿನ ಅರ್ಜಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಊರು ಬದಲಾಯಿಸಿದವರು ಫಾರಂ 6 ತುಂಬಬಾರದು. ಅದು ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. ಮನೆ ಬದಲಾದರೆ, ಬೇರೆ ರಾಜ್ಯದಿಂದ ಬಂದರೂ, ಫಾರಂ 8. 2022ರ ಆಗಸ್ಟ್‌ನಿಂದ ಹೀಗಿದೆ. ಕೇಂದ್ರ ಚುನಾವಣಾ ಆಯೋಗದ ಪೋರ್ಟಲ್ಲಿನಲ್ಲೋ ಆ್ಯಪಿನಲ್ಲೋ ತುಂಬಬಹುದು, ದುಡ್ಡಿಲ್ಲ. ಹಳೆಯ ಗುರುತಿನ ಚೀಟಿಯ ನಂಬರೇ ಮುಂದುವರಿಯುತ್ತದೆ. ಹೆಂಡತಿಯದು ಹೀಗೆ ತುಂಬಿದೆವು. ಒಂದು ಸಂಜೆ ಬಿಎಲ್‌ಓ, ಅಂದರೆ ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು, ಮನೆಗೆ ಬಂದು ನೋಡಿಹೋದರು, ಕೆಲವು ವಾರದಲ್ಲಿ ಅವಳ ಹೆಸರು ಬಂತು. ಅವಳದು ಇಷ್ಟೇ ಕತೆ.

ನನ್ನದು ತಿರಸ್ಕಾರ ಆಯಿತು.

ಬಿಎಲ್‌ಓ ಹತ್ತಿರದ ಶಾಲೆಯ ಅಕ್ಕೋರು, ಅಂದರೆ ಟೀಚರು. ಕೈಯಲ್ಲಿ ಪಟ್ಟಿ ಹಿಡಿದುಕೊಂಡೇ ಬಂದಿದ್ದರು. ಅದರಲ್ಲಿ ನಮ್ಮ ಮನೆಯ ನಂಬರಿಗೆ ಬೆರಳಿಟ್ಟು ಕೇಳಿದರು, "ಇವರು ಯಾರ್ರೀ?" ನೋಡಿದರೆ ನಾನೇ. ಇಪ್ಪತ್ತೆರಡರ ವಯಸ್ಸಿನ ಫೋಟೋ, ತೆಳ್ಳಗೆ, ತಲೆ ತುಂಬಾ ಕೂದಲು. ಕಾಲೇಜು ಮುಗಿದಾಗ ಅಪ್ಪ ಮಾಡಿಸಿದ್ದು. ಪುಣೆಯಲ್ಲಿ ಹೊಸ ಅರ್ಜಿ ಹಾಕುವಾಗ ಇದನ್ನು ತೆಗೆಸಬೇಕಿತ್ತು. ತೆಗೆಸಿರಲಿಲ್ಲ. ಹತ್ತು ವರ್ಷದಿಂದ ನಾನು ಎರಡು ಊರಿನ ಮತದಾರ.

ನನಗೆ ಬೆವರು ಬಂತು. ಒಬ್ಬರ ಹೆಸರು ಎರಡು ಕ್ಷೇತ್ರದಲ್ಲಿ ಇರಬಾರದು ಅಂತ 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಬೇರೆಲ್ಲೂ ಹೆಸರಿಲ್ಲ ಅಂತ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪುಣೆಯಲ್ಲಿ ಆ ಸಾಲಿನ ಕೆಳಗೆ ಓದದೇ ಸಹಿ ಹಾಕಿದ್ದೆ. ಎರಡೂ ಕಡೆ ಓಟು ಹಾಕಿಲ್ಲ ಅನ್ನುವುದೊಂದೇ ಸಮಾಧಾನ. ಅಕ್ಕೋರು ನನ್ನ ಮುಖ ನೋಡಿ, "ಹೆದರಬ್ಯಾಡ್ರಿ, ಓಣ್ಯಾಗ ನೀವು ಒಬ್ರ ಅಲ್ಲ. ಅಲ್ಲಿಂದು ತಗಸ್ರಿ, ಇಲ್ಲಿ ಫೋಟೋ ಬದಲಿ ಮಾಡ್ರಿ, ಮುಗೀತು" ಅಂದರು. ಅವ್ವ ಕೊಟ್ಟ ಚಹಾ ಕುಡಿದು ಮುಂದಿನ ಮನೆಗೆ ಹೋದರು.

ಹೆಸರು ತೆಗೆಸಲು ಫಾರಂ 7. ಪುಣೆಯ ನಂಬರ್ ಹಾಕಿ, ಕಾಯಂ ಆಗಿ ಬೇರೆ ಊರಿಗೆ ಹೋಗಿದ್ದೇನೆ ಅಂತ ಕಾರಣ ಕೊಟ್ಟೆ. ಇಲ್ಲಿನ ಹೆಸರಿಗೆ ಫೋಟೋ ಮತ್ತು ಮೊಬೈಲ್ ನಂಬರ್ ಬದಲಿಸಲು ಫಾರಂ 8 ಹಾಕಿದೆ. ಅದೇ ಫಾರಂ ತಿದ್ದುಪಡಿಗೂ ಆಗುತ್ತದೆ. ಹದಿನೈದು ದಿನದ ಮೇಲೆ ಪುಣೆಯ ಬಿಎಲ್‌ಓ ಫೋನ್ ಮಾಡಿದರು. ನಿಮ್ಮ ಹೆಸರು ತೆಗೆಯಲು ಅರ್ಜಿ ಬಂದಿದೆ, ನೀವೇ ಹಾಕಿದ್ದಾ ಅಂತ ಮರಾಠಿಯಲ್ಲಿ ಕೇಳಿದರು. ಹೌದು ಅಂದೆ. "ಮತ್ತೆ ಬರೋದಿಲ್ವಾ?" ಅಂದರು. ಅದು ಅರ್ಜಿಗೆ ಬೇಕಾದ ಪ್ರಶ್ನೆ ಅಲ್ಲ ಅಂತ ಕಾಣುತ್ತೆ. ಇಲ್ಲ ಅಂತ ಹೇಳುವಾಗ ಗಂಟಲು ಸ್ವಲ್ಪ ಹಿಡಿಯಿತು. ಮಗಳು ಹುಟ್ಟಿದ್ದು ಆ ಊರಲ್ಲಿ.

ನೀವೂ ಒಮ್ಮೆ ಪೋರ್ಟಲ್ಲಿನಲ್ಲಿ ಹೆಸರು, ವಯಸ್ಸು ಮುಂತಾದ ವಿವರ ಹಾಕಿ ಹುಡುಕಿ ನೋಡಿ. ಹಳೆಯ ಊರಲ್ಲಿ ನಿಮ್ಮ ಹೆಸರು ಇನ್ನೂ ಕೂತಿರಬಹುದು.

ಇನ್ನು ಗಾಡಿ. ಇದರ ದಾರಿ ಹೇಳುವಾಗ ಸರಳ. ಹಳೆಯ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಗಾಡಿ ಬೇರೆ ಕಡೆ ಒಯ್ಯಲು ಅಭ್ಯಂತರ ಇಲ್ಲ ಅನ್ನುವ ಪತ್ರ, ತರಬೇಕು, ಅದಕ್ಕೆ ಫಾರಂ 28. ಹೊಸ ಆರ್‌ಟಿಓದಲ್ಲಿ ಹೊಸ ನಂಬರಿಗೆ ಅರ್ಜಿ, ಅದಕ್ಕೆ ಫಾರಂ 27. ಇಲ್ಲಿನ ತೆರಿಗೆ ಕಟ್ಟಬೇಕು. ಹುಬ್ಬಳ್ಳಿಯ ಏಜೆಂಟ್ ಒಬ್ಬ ಎಲ್ಲಾ ಸೇರಿ 15 ಸಾವಿರ ಕೇಳಿದ, ತೆರಿಗೆ ಬೇರೆ. ನಾನೇ ಮಾಡ್ತೀನಿ ಅಂದೆ. ಅವನು ನಕ್ಕ. ಆ ನಗು ಯಾಕೆ ಅಂತ ಫೆಬ್ರುವರಿ ಕೊನೆಗೆ ಗೊತ್ತಾಯಿತು.

ಎನ್‌ಓಸಿ ಅರ್ಜಿಯನ್ನು ಸರಕಾರದ ವಾಹನ್ ಪೋರ್ಟಲ್ಲಿನಲ್ಲಿ ತುಂಬುವಾಗ ಯಾವ ಆರ್‌ಟಿಓಗೆ ಅಂತ ಕೇಳುತ್ತದೆ. ನಾನು ಕಣ್ಣು ಮುಚ್ಚಿ 25 ಒತ್ತುವವನಿದ್ದೆ. ನಮ್ಮ ಕಾಲದಲ್ಲಿ ಹುಬ್ಬಳ್ಳಿ ಗಾಡಿ ಅಂದರೆ ಕೆಎ 25. ಅಪ್ಪನ ಸ್ಕೂಟರೂ ಅದೇ. ಗೆಳೆಯ ತಡೆದ. ಈಗ 25 ಧಾರವಾಡಕ್ಕೆ, ಹುಬ್ಬಳ್ಳಿಗೆ 63. ಎನ್‌ಓಸಿಯಲ್ಲಿ ಆರ್‌ಟಿಓ ಹೆಸರು ತಪ್ಪಿದರೆ ಮತ್ತೆ ಅಲ್ಲಿಗೇ ಓಡಬೇಕು. ನಿಮ್ಮ ಊರಿನ ನಂಬರು ಇವತ್ತು ಎಷ್ಟಿದೆ ಅಂತ ಕೇಳಿಕೊಂಡು ಒತ್ತಿ.

ಆಮೇಲೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್. ಗಾಡಿಯ ಮೈಮೇಲೆ ಕೆತ್ತಿದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಮಾಡುತ್ತಿದ್ದೆವಲ್ಲ, ಹಾಗೆ. ನನ್ನ ಕಾರಿನಲ್ಲಿ ಅದು ಸೀಟಿನ ಕೆಳಗೆ, ಕಾರ್ಪೆಟ್ಟಿನ ಒಂದು ತುಂಡಿನ ಅಡಿ ಇತ್ತು. ಅದನ್ನು ಹುಡುಕಲು ಅರ್ಧ ಗಂಟೆ. ಕಾಗದ ಜರುಗುತ್ತದೆ, ಅಚ್ಚು ಕಲಸುತ್ತದೆ. ಕೊನೆಗೆ ಮಗಳು ತನ್ನ ಡ್ರಾಯಿಂಗಿನ ಮೆತ್ತನೆ ಪೆನ್ಸಿಲ್ ತಂದು, ಕಾಗದದ ಎರಡೂ ಕಡೆ ಟೇಪ್ ಹಚ್ಚಿ, ಎರಡು ನಿಮಿಷದಲ್ಲಿ ತೆಗೆದುಕೊಟ್ಟಳು. ಒಂದು ಐದಾರು ಪ್ರತಿ ತೆಗೆದಿಟ್ಟುಕೊಳ್ಳಿ. ಎರಡೂ ಆರ್‌ಟಿಓದಲ್ಲಿ ಬೇಕಾಗುತ್ತದೆ.

ಫೆಬ್ರುವರಿ ಕೊನೆಗೆ ಪುಣೆಗೆ ಹೋದೆ. ನಾನೂರು ಕಿಲೋಮೀಟರ್‌ಗಿಂತ ಮೇಲೆ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ರಾತ್ರಿ ಮುಟ್ಟಿದೆ. ಬೆಳಿಗ್ಗೆ ಕೌಂಟರಿನಲ್ಲಿ ಕಾಗದ ಕೊಟ್ಟೆ. ಹತ್ತೇ ನಿಮಿಷದಲ್ಲಿ ವಾಪಸ್ ಬಂತು. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಇನ್ನೂ ಬ್ಯಾಂಕಿನ ಹೆಸರಿತ್ತು. ಸಾಲ 2022ರಲ್ಲೇ ತೀರಿಸಿದ್ದೆ, ಬ್ಯಾಂಕು ಪತ್ರವನ್ನೂ ಕೊಟ್ಟಿತ್ತು. ಅದನ್ನು ಕಪಾಟಿನಲ್ಲಿ ಇಟ್ಟರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆ ಪತ್ರ ಮತ್ತು ಫಾರಂ 35 ಆರ್‌ಟಿಓಗೆ ಕೊಟ್ಟು ಆರ್‌ಸಿಯಿಂದ ಸಾಲದ ನಮೂದು ತೆಗೆಸಬೇಕಿತ್ತು. ಪತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಮೂರು ತಿಂಗಳು ಮಾತ್ರ' ಅಂತ ಬರೆದಿತ್ತು. ಹೊಸ ಪತ್ರಕ್ಕೆ ಬ್ಯಾಂಕಿಗೆ ಹೋದೆ. ಸಾಲ ಕೊಡುವಾಗ ಮನೆಗೇ ಬಂದಿದ್ದ ಬ್ಯಾಂಕು ಪತ್ರ ಕೊಡಲು ಮೂರು ವಾರ ತೆಗೆದುಕೊಂಡಿತು. ಯಾವ ಬ್ಯಾಂಕು ಅಂತ ಹೇಳಲ್ಲ.

ಜೊತೆಗೆ ಎರಡು ಹಳೇ ಇ-ಚಲನ್ ಇದ್ದವು. 2019ರದ್ದು, ನನಗೆ ಗೊತ್ತೇ ಇರಲಿಲ್ಲ. ಎರಡೂ ಸೇರಿ 1,200 ರೂಪಾಯಿ. ಬಾಕಿ ಇದ್ದರೆ ಎನ್‌ಓಸಿ ಮುಂದಕ್ಕೆ ಹೋಗುವುದಿಲ್ಲ. ಇದನ್ನೆಲ್ಲಾ ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಬಹುದಿತ್ತು ಅಂತ ನೆನೆದು ವಾಪಸ್ ಬರುವ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಆ ಒಂದು ಸುತ್ತಿಗೆ ಪೆಟ್ರೋಲು, ಟೋಲು, ಲಾಡ್ಜು ಸೇರಿ ಎಂಟು ಸಾವಿರ ನೀರಿಗೆ ಹೋಯಿತು.

ಮಾರ್ಚಿನಲ್ಲಿ ಎರಡನೇ ಸಲ ಹೋದಾಗ ಸಾಲದ ನಮೂದು ತೆಗೆಸಿ, ಎನ್‌ಓಸಿ ಅರ್ಜಿ ಕೊಟ್ಟೆ. ವಿಮೆ, ಹೊಗೆ ತಪಾಸಣೆ ಎರಡೂ ಚಾಲ್ತಿಯಲ್ಲಿರಬೇಕು. ಎನ್‌ಓಸಿ ಕೈಗೆ ಬರುವ ಹೊತ್ತಿಗೆ ತಿಂಗಳು ಮುಗಿಯುತ್ತಾ ಬಂದಿತ್ತು. ಪದೇಪದೇ ಹೋಗಲು ಆಗದವರು ಈ ಒಂದು ಹಂತಕ್ಕೆ ಅಲ್ಲಿನ ಗೆಳೆಯರ ಸಹಾಯವನ್ನೋ ಏಜೆಂಟನನ್ನೋ ಹಿಡಿದರೆ ನಾನಂತೂ ತಪ್ಪು ಅನ್ನಲ್ಲ.

ಹುಬ್ಬಳ್ಳಿಯಲ್ಲಿ ತೆರಿಗೆ ಲೆಕ್ಕಕ್ಕೆ ಗಾಡಿ ಕೊಂಡಾಗಿನ ಇನ್‌ವಾಯ್ಸ್ ಕೇಳಿದರು. 2018ರದ್ದು. ಶೋರೂಮ್ ಮುಚ್ಚಿಹೋಗಿದೆ. ಮೂರು ದಿನ ಮನೆಯ ಅಟ್ಟ, ಪೆಟ್ಟಿಗೆ ಎಲ್ಲಾ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಈಮೇಲಿನಲ್ಲಿ. ಸಾಲಕ್ಕೆ ಅರ್ಜಿ ಹಾಕುವಾಗ ಬ್ಯಾಂಕಿಗೆ ಸ್ಕ್ಯಾನ್ ಮಾಡಿ ಕಳಿಸಿದ್ದೆ. ಅಷ್ಟರ ಮಟ್ಟಿಗೆ ಆ ಬ್ಯಾಂಕಿಗೆ ಥ್ಯಾಂಕ್ಸ್.

ತೆರಿಗೆ ನೋಡಿ ಎದೆ ಧಸಕ್ ಅಂದಿತು. ಕರ್ನಾಟಕದಲ್ಲಿ ಕಾರಿಗೆ ಜೀವಿತಾವಧಿ ತೆರಿಗೆ. ಐದರಿಂದ ಹತ್ತು ಲಕ್ಷದ ಹೊಸ ಗಾಡಿಗೆ 14%, ಅದರ ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸಾದಷ್ಟೂ ಕಡಿಮೆ ಆಗುತ್ತದೆ. 6 ಲಕ್ಷ 20 ಸಾವಿರದ ನನ್ನ ಕಾರಿಗೆ, ಆರು ವರ್ಷ ದಾಟಿದ ಮೇಲೂ, 61 ಸಾವಿರದ ಮೇಲೆ ಬಂತು. ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡಿಗೆ 200. ಇವೆಲ್ಲ ಚಿಲ್ಲರೆ. ಗಾಡಿ ತುಂಬಾ ಹಳೆಯದಾಗಿದ್ದರೆ, ಎನ್‌ಓಸಿಗೆ ಓಡುವ ಮೊದಲು ಇಲ್ಲಿನ ತೆರಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಸಿ. ಕೆಲವರಿಗೆ ಅಲ್ಲೇ ಮಾರಿ ಇಲ್ಲಿ ಬೇರೆ ಕೊಳ್ಳುವುದೇ ಲಾಭ.

ದುಡ್ಡು ಕಟ್ಟಿದೆ. ಇನ್ನು ಬ್ರೇಕ್ ಇನ್ಸ್‌ಪೆಕ್ಟರ್ ಗಾಡಿ ನೋಡುವುದೊಂದು ಬಾಕಿ. ಅಷ್ಟರಲ್ಲಿ ಏಪ್ರಿಲ್ ಮಧ್ಯ. ನಮ್ಮ ಕಡೆ ಮತದಾನ ಮೇ 7ಕ್ಕೆ. ಕೌಂಟರಿಗೆ ಹೋದರೆ ಅರ್ಧ ಕುರ್ಚಿ ಖಾಲಿ.

"ಸಾಹೇಬ್ರು ಇಲೆಕ್ಷನ್ ಡ್ಯೂಟಿ ಮ್ಯಾಲ ಹೋಗ್ಯಾರ್ರೀ. ಓಟಿಂಗ್ ಮುಗದ ಮ್ಯಾಲ ಬರ್ರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜನವರಿಯಿಂದ ಯಾವ ಓಟಿಗಾಗಿ ಓಡಾಡಿದ್ದೆನೋ ಅದೇ ಓಟು ನನ್ನ ಗಾಡಿಯನ್ನು ತಡೆದಿತ್ತು. ಜೂನ್ 8ಕ್ಕೆ ಹನ್ನೆರಡು ತಿಂಗಳು ಮುಗಿಯುತ್ತದೆ. ರಾತ್ರಿ ಮಲಗಿದಲ್ಲೇ ದಿನ ಎಣಿಸುತ್ತಿದ್ದೆ.

ಮೇ 7, ಮಂಗಳವಾರ. ಬಿಸಿಲು ಏರುವ ಮೊದಲೇ ಮೂವರೂ ಬೂತಿಗೆ ಹೋದೆವು. ನನ್ನ ಹೆಸರು ಅವ್ವನ ಹೆಸರಿನ ಕೆಳಗೇ ಇತ್ತು, ಅಪ್ಪ ಬರೆಸಿದ ಜಾಗದಲ್ಲೇ. ಹೆಂಡತಿಯ ಹೆಸರು ಅಲ್ಲಿರಲಿಲ್ಲ. ಅವಳ ಮುಖ ಸಣ್ಣದಾಯಿತು. ಆಮೇಲೆ ನೋಡಿದರೆ ಕೊನೆಯ ಪುಟದಲ್ಲಿತ್ತು. ಹೊಸದಾಗಿ ಸೇರಿದವರು ಪೂರಕ ಪಟ್ಟಿಯಲ್ಲಿ ಬರುತ್ತಾರೆ, ಮನೆಯವರ ಜೊತೆ ಅಲ್ಲ. ಗಾಬರಿ ಆಗಬೇಡಿ, ಕೊನೆಯ ಹಾಳೆ ನೋಡಿ. ಪಟ್ಟಿ ನೋಡುತ್ತಿದ್ದ ಹುಡುಗ ನನ್ನ ಮುಖವನ್ನೂ ಹಾಳೆಯನ್ನೂ ಎರಡೆರಡು ಸಲ ನೋಡಿದ. ಚೀಟಿಯಲ್ಲಿ ಹೊಸ ಫೋಟೋ ಬಂದಿತ್ತು, ಅವನ ಹಾಳೆಯಲ್ಲಿ ಇನ್ನೂ ಹಳೆಯದೇ. "ನೀವ ಏನ್ರೀ?" ಅಂದ. ಅವ್ವ ಹಿಂದಿನಿಂದ, "ಅಂವನ ಪಾ, ಆಗ ಕೂದ್ಲ ಇದ್ದುವು" ಅಂದಳು. ಸಾಲೆಲ್ಲಾ ನಕ್ಕಿತು.

ಮೇ ಮೂರನೇ ವಾರ ಇನ್ಸ್‌ಪೆಕ್ಟರ್ ಗಾಡಿ ನೋಡಿದರು. ಐದು ನಿಮಿಷ. ಮಗಳು ತೆಗೆದ ಪೆನ್ಸಿಲ್ ಪ್ರಿಂಟನ್ನು ಸೀಟಿನ ಕೆಳಗಿನ ನಂಬರಿಗೆ ಹೋಲಿಸಿ, "ಚಲೋ ಬಂದೈತಿ" ಅಂದರು. ತಿಂಗಳ ಕೊನೆಗೆ ಹೊಸ ನಂಬರ್ ಬಂತು. ಜೂನ್ 6ಕ್ಕೆ ಪ್ಲೇಟು. ಎರಡು ದಿನ ಉಳಿದಿತ್ತು.

ನಂಬರ್ ಬದಲಾದ ಮೇಲೂ ಸಣ್ಣಪುಟ್ಟ ಕೆಲಸ ಇವೆ. ವಿಮೆಯಲ್ಲಿ ಹೊಸ ನಂಬರ್ ಬರೆಸಿ, ಇಲ್ಲದಿದ್ದರೆ ಅಪಘಾತವಾದಾಗ ತಕರಾರು ಏಳುತ್ತದೆ. ಫಾಸ್ಟ್ಯಾಗ್ ಹಳೆಯ ನಂಬರಿಗೆ ಕೂಡಿಸಿದ್ದು, ಅದನ್ನು ಮುಚ್ಚಿಸಿ ಹೊಸದು ತೆಗೆದುಕೊಂಡೆ. ಹಳೆಯ ಪ್ಲೇಟುಗಳನ್ನು ಅವ್ವ ಒರೆಸಿ ಅಟ್ಟದ ಮೇಲೆ ಇಟ್ಟಿದ್ದಾಳೆ, ಅಪ್ಪನ ಸ್ಕೂಟರಿನ ಪ್ಲೇಟಿನ ಪಕ್ಕ.

ಒಂದು ಕೆಲಸ ಮಾತ್ರ ಬಾಕಿ. ಮಹಾರಾಷ್ಟ್ರದಲ್ಲಿ ನಾನು ಒಮ್ಮೆಲೇ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಸಿಗುತ್ತದೆ. ಹೊಸ ಆರ್‌ಸಿಯ ಪ್ರತಿ, ಹಳೆಯ ತೆರಿಗೆ ರಸೀದಿ, ಕ್ಯಾನ್ಸಲ್ ಮಾಡಿದ ಚೆಕ್ಕು ಹಿಡಿದುಕೊಂಡು ಹಳೆಯ ಆರ್‌ಟಿಓಗೆ ಅರ್ಜಿ ಕೊಡಬೇಕು. ಮುಂದಿನ ವಾರ ಹೊರಟಿದ್ದೇನೆ. ಕಾರಿನಲ್ಲೇ ಹೋಗ್ತೀರಾ ಅಂತ ಹೆಂಡತಿ ಕೇಳಿದಳು. ಅಲ್ಲಿ ಈಗ ಅದು ಹೊರರಾಜ್ಯದ ಗಾಡಿ. ಬಸ್ಸಿಗೆ ಟಿಕೆಟ್ ಮಾಡಿದ್ದೇನೆ.